ಬೆಳೆಯುವ ದಾರಿ, ಎಣಿಸದ ರೊಟ್ಟಿ

ಡೀಸೆಲ್ ದರ ಏರಿದ ದಿನ ನಮ್ಮೂರ ದಾರಿ ಬೆಳೆಯುತ್ತದೆ. ಬೆಳಿಗ್ಗೆ ಆರಕ್ಕೆ ಬಂಕಿನ ಬೋರ್ಡಿನ ಮೇಲೆ ಅಂಕಿ ಬದಲಾದರೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೆಳಗಿನ ಪೇಟೆ ನಮ್ಮಿಂದ ಇನ್ನಷ್ಟು ದೂರ ಸರಿದಿರುತ್ತದೆ. ಪೈಸೆಗಳ ಲೆಕ್ಕದಲ್ಲಿ ಏರಿದರೆ ಒಂದು ತಿರುವು ಹೆಚ್ಚಾಗುತ್ತದೆ. ರೂಪಾಯಿ ಏರಿದರೆ ಒಂದು ಇಳಿಜಾರು, ಒಂದು ಏರು, ನಡುವೆ ಒಂದು ಹಳ್ಳ. ಹೀಗೇಕೆ ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಕೇಳಿ ಮಾಡುವುದಾದರೂ ಏನಿದೆ? ಕೆಳಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುವಾಗ ಬುತ್ತಿಯಲ್ಲಿ ಒಂದು ರೊಟ್ಟಿ ಹೆಚ್ಚು ಕಟ್ಟಿಕೊಳ್ಳುತ್ತಾರೆ. ಬಸ್ಸಿನ ಕಂಡಕ್ಟರು, “ಊರು ಮತ್ತ ದೂರ ಆಗೇತ್ರಿ, ಕೂಸುಗಳಿಗೆ ನೀರು ಕುಡಿಸ್ಕೊಂಡು ಹತ್ರಿ” ಎನ್ನುತ್ತಾನೆ. ಮೈಲುಗಲ್ಲುಗಳನ್ನು ಬದಲಾಯಿಸುವ ಗೋಜಿಗೆ ಯಾರೂ ಹೋಗಿಲ್ಲ. ಆಸ್ತಿ ಪಾಲಾದ ದಾಯಾದಿಗಳ ಹಾಗೆ ಅವು ಒಂದಕ್ಕೊಂದು ಮುಖ ಕೊಡದೆ ಎಲ್ಲೆಲ್ಲೋ ನಿಂತಿವೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ ಎಂದು ಜನ ಆಡಿಕೊಳ್ಳುತ್ತಾರೆ. ಸುಳ್ಳು. ಶಾಲೆ ಇದ್ದದ್ದು ದಾರಿಯ ಆಚೆ ತುದಿಯಲ್ಲಿ. ಆ ವರ್ಷ ಡೀಸೆಲ್ ಏರಿದ್ದೇ ಏರಿದ್ದು. ನಾನು ನಸುಕಿನಲ್ಲಿ ಹೊರಟು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಸಂಜೆಯ ಗಂಟೆ ಬಾರಿಸಿ ಹುಡುಗರು ಮನೆಗೆ ಓಡುತ್ತಿದ್ದರು. ಶಾಲೆಯೇ ನನ್ನನ್ನು ಬಿಟ್ಟಿತು. ನನ್ನ ಸಿಟ್ಟು ಅಲ್ಲಿಂದ ಶುರುವಾದದ್ದು. ಯಾರನ್ನು ಹಿಡಿದು ಬೈಯಬೇಕು ಎಂದು ಗೊತ್ತಾಗದ ಸಿಟ್ಟು ಅದು. ಬಂಕಿನವನನ್ನು ಬೈದರೆ ಅವನು, “ನನ್ನ ಕೈಯಾಗೇನೈತೋ ಗದಿಗೆಪ್ಪಾ, ಫೋನು ಹೇಳಿದ್ದನ್ನ ಬೋರ್ಡಿಗೆ ಹಚ್ಚತೀನಿ” ಎನ್ನುತ್ತಿದ್ದ. ಫೋನನ್ನು ಬೈಯಲು ಬರುತ್ತದೆಯೇ?

ನಮ್ಮೂರು ನಿಂತಿರುವುದು ಒಂದೇ ದೊಡ್ಡ ಬಂಡೆಯ ಮೇಲೆ. ಗಂಡಸರು ಹೆಂಗಸರು ಎಲ್ಲರದೂ ಕಲ್ಲು ಒಡೆಯುವ ಕೆಲಸ. ತುಳಸಿ ನೆಡಬೇಕೆಂದರೂ ಕೆಳಗಿನಿಂದ ಒಂದು ಬುಟ್ಟಿ ಮಣ್ಣು ತರಿಸಬೇಕು. ಆದ್ದರಿಂದ ಕಲ್ಲು ಕೆಳಗೆ ಹೋಗುತ್ತದೆ, ಜೋಳ ಮೇಲೆ ಬರುತ್ತದೆ. ಅಪ್ಪ ನಮಗೆ ಬಿಟ್ಟುಹೋದದ್ದು ಎರಡೇ: ನನಗೆ ಒಂದು ಹಳೇ ಲಾರಿ, ಅಕ್ಕ ಕಲ್ಲವ್ವನಿಗೆ ರೊಟ್ಟಿ ಸುಡುವ ಒಂದು ಹಂಚು. ಅಕ್ಕ ಆ ಹಂಚಿನ ಮೇಲೆ ಖಾನಾವಳಿ ನಡೆಸುತ್ತಿದ್ದಳು, ನಾನು ಆ ಹಂಚಿಗೆ ಜೋಳ ತಂದುಹಾಕುತ್ತಿದ್ದೆ. ಕಲ್ಲಿನ ಕೆಲಸದವರ ರೊಟ್ಟಿ ಎಣಿಸಬಾರದು ಎಂಬುದು ನಮ್ಮೂರ ರೂಢಿ. ಊಟಕ್ಕೆ ಇಷ್ಟು ಎಂದು ಒಂದು ದರ. ಕೂತವನು ಸಾಕು ಎಂದು ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುವ ತನಕ ಬಿಸಿ ರೊಟ್ಟಿ ಬೀಳುತ್ತಲೇ ಇರಬೇಕು. ಎಣಿಸಿದ ರೊಟ್ಟಿ ತಿಂದವನ ಸುತ್ತಿಗೆ ಕಲ್ಲಿನ ಮೇಲೆ ನೆಟ್ಟಗೆ ಬೀಳುವುದಿಲ್ಲ ಎಂದು ಹಿರಿಯರ ನಂಬಿಕೆ.

ದಾರಿ ಬೆಳೆದಂತೆ ಲಾರಿ ಹೆಚ್ಚು ಕುಡಿಯುತ್ತದೆ, ಲಾರಿ ಹೆಚ್ಚು ಕುಡಿದಂತೆ ಜೋಳ ತುಟ್ಟಿಯಾಗುತ್ತದೆ. ಜೋಳ ಒಂದೇ ಅಲ್ಲ. ಬೇಳೆ, ಎಣ್ಣೆ, ಉಪ್ಪು, ಒಲೆಗೆ ಹಾಕುವ ಸೌದೆ ಎಲ್ಲವೂ ಅದೇ ದಾರಿ ತುಳಿದು ಬರಬೇಕು. ಊರಿನ ಉಳಿದ ಖಾನಾವಳಿಗಳು ಒಂದೊಂದಾಗಿ ಎಣಿಸತೊಡಗಿದವು. ಮೊದಮೊದಲು ನಾಚಿಕೊಂಡು, ಮನಸ್ಸಿನಲ್ಲೇ. ಆಮೇಲೆ ಬಾಯಿಬಿಟ್ಟು. ಕೊನೆಗೆ ಉಳಿದದ್ದು ನಮ್ಮಕ್ಕನ ಖಾನಾವಳಿ ಒಂದೇ. ಹಾಗಾಗಿ ಊರಿನ ಹೊಟ್ಟೆಬಾಕರೆಲ್ಲ ಅಲ್ಲಿಗೇ ಬಂದರು. ಅವರಲ್ಲಿ ಮೊದಲನೆಯವನು ಕಲ್ಲುಗಣಿಯ ಮೇಸ್ತ್ರಿ ದ್ಯಾಮಣ್ಣ. ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರೆ ನನಗೆ ಒಂದು ಚೀಲ ಜೋಳ ಖಾಲಿಯಾದ ಹಾಗೆ ಕಾಣುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಅವನ ರೊಟ್ಟಿ ಎಣಿಸುತ್ತಿದ್ದೆ. ಬೆರಳು ಮಡಚಿ, ಬೆನ್ನ ಹಿಂದೆ. ಅಕ್ಕನಿಗೆ ಗೊತ್ತಾದರೆ ಇಕ್ಕಳದಲ್ಲಿ ಆ ಬೆರಳನ್ನೇ ಹಿಡಿಯುತ್ತಿದ್ದಳು.

ಭಾದ್ರಪದದ ಒಂದು ಮಧ್ಯಾಹ್ನ ಬಂಕಿನವನು ಸುದ್ದಿ ತಂದ. “ನಾಡದು ಏರತೈತಂತ. ಸಣ್ಣದಲ್ಲ, ಹಿಂದ ಎಂದೂ ಏರಿಲ್ಲ ಅಷ್ಟು.” ಊಟಕ್ಕೆ ಕೂತವರೆಲ್ಲ ಬಾಯಲ್ಲಿದ್ದ ತುತ್ತನ್ನು ಹಾಗೇ ಹಿಡಿದರು. ಅಕ್ಕ ಹಂಚಿನ ಮುಂದಿನಿಂದ ಏಳಲಿಲ್ಲ. “ಇನ್ನೊಮ್ಮಿ ಜೋಳ ಏರಿದ್ರ ನನ್ನ ಕೈಲಿ ಆಗಂಗಿಲ್ಲಪಾ” ಎಂದಳು. “ಎಣಿಸಿ ಹಾಕೂದಂತೂ ನನ್ನಿಂದ ಆಗೂ ಮಾತಲ್ಲ. ಹಂಚು ಬೋರಲ ಹಾಕಿ ನಾನೂ ಗಣಿಗೆ ಕಲ್ಲಿನ ಖಡಿ ಹೊರಾಕ ಬರತೀನಿ.” ದ್ಯಾಮಣ್ಣ ಮೆಲ್ಲಗೆ ತಾಟಿನ ಮೇಲೆ ಅಂಗೈ ಹಿಡಿದ. ಅವನು ಇನ್ನೂ ಅರ್ಧ ಹೊಟ್ಟೆಯಲ್ಲಿದ್ದ. ಅಕ್ಕ ಆ ಕೈಯನ್ನು ಸೌಟಿನಿಂದ ಬದಿಗೆ ತಳ್ಳಿ ಇನ್ನೊಂದು ರೊಟ್ಟಿ ಎಸೆದಳು.

ನನ್ನ ತಲೆ ಕೆಟ್ಟಿತು. ಹಳೆಯ ದರದ ಡೀಸೆಲ್ ತುಂಬಿಸಿಕೊಂಡು, ಹಳೆಯ ದರದ ಜೋಳ ತಂದುಬಿಟ್ಟರೆ ದೀಪಾವಳಿ ದಾಟಿಸಬಹುದು ಎಂದು ಮರುದಿನ ನಸುಕಿನಲ್ಲೇ ಹೊರಟೆ. ಅಕ್ಕ, “ನೀ ಜೋಳ ಆರಿಸಿದ್ರ ಹುಳಕ ಹಿಡದದ್ದನ್ನೇ ತರತಿ” ಎಂದು ತಾನೂ ಹತ್ತಿ ಕೂತಳು. ಮಡಿಲಲ್ಲಿ ಬುತ್ತಿಗಂಟು, ಕಾಲ ಬಳಿ ಒಂದು ಡಬ್ಬಿ ಹಿಟ್ಟು, ಒಂದು ಸಣ್ಣ ಕಬ್ಬಿಣದ ಹಂಚು. ಅಕ್ಕ ಎಲ್ಲಿಗೆ ಹೋದರೂ ಹಂಚು ಬಿಟ್ಟು ಹೋಗುವವಳಲ್ಲ.

ಪೇಟೆಯಲ್ಲಿ ಜೋಳದ ವ್ಯಾಪಾರಿ ಚನ್ನಮಲ್ಲಪ್ಪ ಸೆಟ್ಟರು ನಮ್ಮನ್ನು ಕಂಡು ಮುಖದ ತುಂಬ ನಕ್ಕರು. ಅವರು ನಕ್ಕರೆ ನನಗೆ ಮೈ ಉರಿಯುತ್ತದೆ. “ನಾಳಿ ಬರ್ರೀ ಕಲ್ಲವ್ವಾ. ಇವತ್ತು ಹಮಾಲರಿಲ್ಲ.” ನಾಳೆ ಎಂದರೆ ಹೊಸ ದರ. ನಾನು ಜಗಳಕ್ಕೆ ತೋಳು ಮಡಚಿದೆ. ಅಕ್ಕ ನನ್ನನ್ನು ಹಿಂದೆ ತಳ್ಳಿ, ಅಂಗಡಿಯ ಮೆಟ್ಟಿಲ ಮೇಲೆ ಸೆರಗು ಹಾಸಿ ಕೂತುಬಿಟ್ಟಳು. “ಆಗ್ಲಿರಿ ಸೆಟ್ರ. ನಾಳೀತನಕ ಇಲ್ಲೇ ಕುಂದರತೀನಿ. ಬಂದೋರು ಕೇಳಿದ್ರ, ಸೆಟ್ರು ದರ ಏರೂದನ್ನ ಕಾಯಾಕ ಹತ್ಯಾರು, ನಾನೂ ಅವರ ಸಂಗಾಟ ಕಾಯಾಕತ್ತೀನಿ ಅಂತ ಹೇಳತೀನಿ.” ಬಂದವರು ಕೇಳಿದರು. ಅಕ್ಕ ಹೇಳಿದಳು. ಸಂಜೆಯ ಹೊತ್ತಿಗೆ ಹಮಾಲರು ಎಲ್ಲಿಂದಲೋ ಹುಟ್ಟಿಕೊಂಡರು. ಲೋಡು ಮುಗಿಯುವಾಗ ಕತ್ತಲಾಗಿತ್ತು. ದಣಿದು ಲಾರಿಯ ಕೆಳಗೇ ಮಲಗಿ, ಮುಂಜಾನೆ ಬೆಳಕು ಹರಿಯುವ ಮೊದಲೇ ಹೊರಟೆವು.

ನಮ್ಮ ಡ್ರೈವರುಗಳಲ್ಲಿ ಎರಡು ಕಟ್ಟುಪಾಡುಗಳಿವೆ. ದಾರಿ ಬೆಳೆಯುವ ಹೊತ್ತಿನಲ್ಲಿ ದಾರಿಯ ಮೇಲೆ ಇರಬಾರದು, ಈ ತುದಿಯಲ್ಲೋ ಆ ತುದಿಯಲ್ಲೋ ಗಾಡಿ ನಿಲ್ಲಿಸಿಕೊಂಡು ಕಾಯಬೇಕು. ಬೆಳೆದ ಹೊಸ ನೆಲದ ಮೇಲೆ ಕಾಲಿಡಬಾರದು, ಕಿಟಕಿಯಿಂದ ಒಂದು ಚಿಟಿಕೆ ಹಿಟ್ಟು ಚೆಲ್ಲಿ ನಿಲ್ಲದೆ ದಾಟಬೇಕು. ಇವುಗಳಲ್ಲಿ ಮೊದಲನೆಯದು ಮುರಿದರೂ ಮುರಿಯಲಿ ಎಂದು ನಾನು ಗೊತ್ತಿದ್ದೇ ಹೊರಟಿದ್ದೆ. ಆರರೊಳಗೆ ಊರು ಸೇರಿದರೆ ದಾರಿ ನನ್ನ ಬೆನ್ನ ಹಿಂದೆ ಎಷ್ಟಾದರೂ ಬೆಳೆದುಕೊಳ್ಳಲಿ. ಆ ದಾರಿಯನ್ನು ಒಮ್ಮೆಯಾದರೂ ಸೋಲಿಸಬೇಕಿತ್ತು ನನಗೆ.

ಸೋಲಿಸಲಿಲ್ಲ. ಊರ ಬಂಡೆ ಕಣ್ಣಿಗೆ ಬಿದ್ದಿತ್ತು. ಅದರ ಕೆಳಗೆ ಕೊನೆಯ ತಿರುವಿನ ಬನ್ನಿಗಿಡ, ಗಿಡದ ಬುಡದಲ್ಲಿ ಮೈಲುಗಲ್ಲು. ಇನ್ನೇನು ಎರಡು ಬೀಡಿ ಸೇದುವಷ್ಟು ದೂರ. ಪೂರ್ವದಲ್ಲಿ ಸೂರ್ಯನ ಅಂಚು ಕಂಡಿತು. ಆಗ ಬನ್ನಿಗಿಡದ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಎಂಜಿನ್ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿಸಿತು. ತಪ, ತಪ, ತಪ. ಅಕ್ಕ ನನ್ನ ತೋಳು ಹಿಡಿದಳು. ಆ ಸದ್ದು ಅವಳಿಗೆ ಗೊತ್ತಿತ್ತು. ಅದು ರೊಟ್ಟಿ ಬಡಿಯುವ ಸದ್ದು.

ನೋಡುತ್ತ ನೋಡುತ್ತ ನಮ್ಮ ಮುಂದಿನ ನೆಲ ಅಗಲವಾಯಿತು. ಹೇಗೆ ಹೇಳಲಿ? ಹಿಟ್ಟಿನ ಮುದ್ದೆಯನ್ನು ಕಲ್ಲಿನ ಮೇಲಿಟ್ಟು ಬಡಿಯುವಾಗ ಮೊದಲು ಅಂಚು ಓಡುತ್ತದೆ, ಆಮೇಲೆ ನಡು ತೆಳುವಾಗುತ್ತದೆ, ಬಡಿಯುವ ಕೈ ಅದನ್ನು ಮೆಲ್ಲಗೆ ತಿರುಗಿಸುತ್ತಿರುತ್ತದೆ. ಥೇಟ್ ಹಾಗೆ. ಯಾವ ಕೈಯೋ ಕಾಣಲಿಲ್ಲ. ಬನ್ನಿಗಿಡ ನಿಂತ ನಿಲುವಿನಲ್ಲೇ ಹಿಂದೆ ಹಿಂದೆ ಹೋಯಿತು, ಮದುವೆ ದಿಬ್ಬಣ ಬೀಳ್ಕೊಡಲು ಬಂದವರು ಸಣ್ಣಗಾಗುತ್ತ ಹೋಗುವ ಹಾಗೆ. ಊರ ಬಂಡೆ ಬೆಲ್ಲದ ಅಚ್ಚಿನಷ್ಟಾಯಿತು. ಡಾಂಬರು ಜಡೆ ಬಿಚ್ಚಿದ ಹಾಗೆ ಉದ್ದುದ್ದ ಬಿಚ್ಚಿಕೊಂಡಿತು. ಅದರ ಎರಡೂ ಮಗ್ಗುಲಿಗೆ ಕರ್ರಗಿನ ಬಯಲು ಹರಡಿತು, ಹರಡುತ್ತಲೇ ಹೋಯಿತು. ನಾನು ಬ್ರೇಕು ತುಳಿದಿದ್ದೆನೋ ಇಲ್ಲವೋ ನೆನಪಿಲ್ಲ. ಜನ್ಮದಲ್ಲಿ ಮೊದಲ ಸಲ ನನ್ನೊಳಗೆ ಸಿಟ್ಟಿಗೆ ಜಾಗವಿರಲಿಲ್ಲ.

ಸದ್ದು ನಿಂತಿತು. ಅಂಥ ಮೌನವನ್ನು ನಾನು ಕಂಡಿರಲಿಲ್ಲ. ಆ ನೆಲದ ಮೇಲೆ ಒಂದು ಇರುವೆ ಇರಲಿಲ್ಲ, ಒಂದು ಹೆಜ್ಜೆ ಗುರುತಿರಲಿಲ್ಲ. ಅಲ್ಲಿ ಯಾರೂ ಇನ್ನೂ ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ. ಅಣ್ಣತಮ್ಮಂದಿರು ಬದುವಿಗಾಗಿ ಕಚ್ಚಾಡಿರಲಿಲ್ಲ. ನಾನು ಮತ್ತೆ ಗೇರು ಹಾಕಿದೆ. ಹಳೆಯ ದಾರಿಗೆ ಅಂದಾಜು ಮಾಡಿ ತುಂಬಿಸಿದ ಡೀಸೆಲ್ಲು ಈ ದಾರಿಗೆ ಎಲ್ಲಿ ಸಾಲಬೇಕು? ಬಯಲಿನ ನಟ್ಟನಡುವೆ ಲಾರಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ನಾನು ಸ್ಟೇರಿಂಗಿಗೆ ಗುದ್ದಿ, ಅದರ ಅವ್ವ ಅಪ್ಪ ಇಬ್ಬರನ್ನೂ ಸೇರಿಸಿ ಬೈದೆ. ಆ ನೆಲ ಕೇಳಿದ ಮೊದಲ ಮಾತು ನನ್ನ ಬೈಗುಳ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕ ಬಾಗಿಲು ತೆಗೆದಳು. “ಯಕ್ಕಾ, ಇಳೀಬ್ಯಾಡ! ಹೊಸ ನೆಲಾ!” “ಮತ್ತೇನು ಇಲ್ಲೇ ಕುಂತು ಮುದುಕಿ ಆಗ್ಲೇನ?” ಎಂದು ಒಂದು ಚಿಟಿಕೆ ಹಿಟ್ಟು ಚೆಲ್ಲಿ ಇಳಿದಳು. ಅವಳ ಕಾಲು ಹಿಮ್ಮಡಿ ಮುಚ್ಚುವ ತನಕ ಒಳಗೆ ಇಳಿಯಿತು. ಅಕ್ಕ ಕೂಗಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ, ಉಂಡೆ ಮಾಡಿ, ಬೆರಳಿನಿಂದ ಒತ್ತಿ ನೋಡಿದಳು. ಬಂಡೆಯ ಮೇಲೆ ಹುಟ್ಟಿ ಬೆಳೆದವಳು, ಇಷ್ಟು ಮಣ್ಣನ್ನು ಒಟ್ಟಿಗೆ ಕಂಡಿರಲಿಲ್ಲ. “ತಮ್ಮಾ, ಇದು ಮಣ್ಣಲ್ಲೋ. ಹದಕ್ಕ ಬಂದ ಹಿಟ್ಟು ಇದ್ದಂಗೈತಿ.” ಇಷ್ಟು ವರ್ಷ ನಾವು ಗಾಡಿ ನಿಲ್ಲಿಸದೆ, ಕಾಲಿಡದೆ, ಹಿಟ್ಟು ಚೆಲ್ಲಿ ದಾಟಿಬಿಡುತ್ತಿದ್ದ ನೆಲ ಎಂಥದೆಂದು ಯಾರಿಗೂ ಗೊತ್ತಿರಲಿಲ್ಲ.

ಊರ ಬಂಡೆಯ ಅಂಚಿನಲ್ಲಿ ನಿಂತವರಿಗೆ ನಮ್ಮ ಲಾರಿ ಚುಕ್ಕೆಯಾಗಿ ಕಂಡಿತಂತೆ. ಹೊತ್ತು ನೆತ್ತಿಗೆ ಬಂದಾಗ ಕಲ್ಲುಗಣಿಯವರ ದಂಡು ಬಂತು. ಮುಂದೆ ದ್ಯಾಮಣ್ಣ. “ಏನಲೇ ಗದಿಗ್ಯಾ, ದಾರಿ ಸಂಗಾಟ ಪಂದ್ಯಾ ಕಟ್ಟಿದ್ಯಂತ? ಯಾರು ಗೆದ್ದರು?” ನಾನು ಅವನಿಗೆ ಬೀಸಲು ಕಲ್ಲು ಹುಡುಕಿದೆ. ಆ ನೆಲದಲ್ಲಿ ಒಂದು ಕಲ್ಲೂ ಇರಲಿಲ್ಲ. ದ್ಯಾಮಣ್ಣನಿಗೂ ಅದು ಆಗಲೇ ಗೊತ್ತಾದದ್ದು. ಕಲ್ಲೇ ಇಲ್ಲದ ಭೂಮಿಯನ್ನು ಕಂಡು ಕಲ್ಲು ಒಡೆಯುವವನು ತಲೆಗೆ ಸುತ್ತಿದ್ದ ವಲ್ಲಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ಚೀಲಗಳನ್ನು ಹೊತ್ತೇ ಒಯ್ಯುವುದೆಂದಾಯಿತು. “ಡೀಸೆಲ್ ಬ್ಯಾಡ, ಬಂಕ್ ಬ್ಯಾಡ, ನಮ್ಮ ಹೆಗಲೈತಿ” ಎಂದು ಎಲ್ಲರೂ ಮೀಸೆ ತಿರುವಿದರು. ಸ್ವಲ್ಪ ದೂರ ಹೋಗಿ ಎಲ್ಲರೂ ಕೂತರು. ಹಸಿವು. ಅಕ್ಕ ಲಾರಿಯಿಂದ ಜಾಕಿ, ಸ್ಪ್ಯಾನರು ಪೆಟ್ಟಿಗೆ, ಕಬ್ಬಿಣದ ಡಬ್ಬಿ ತರಿಸಿ ಒಲೆ ಹೂಡಿದಳು, ಲಾರಿಯ ಮುರಿದ ಹಲಗೆ ಉರಿಸಿ ಡಬ್ಬಿಯ ಹಿಟ್ಟೆಲ್ಲ ಬಡಿದು ಹಾಕಿದಳು. ತಿಂದರು, ಹೊತ್ತರು, ಮತ್ತೆ ಕೂತರು. ನಾನು ತಲೆ ಚಚ್ಚಿಕೊಂಡೆ. “ನೋಡಕ್ಕಾ, ಲಾರಿ ಡೀಸೆಲ್ ಕುಡೀತೈತಿ, ಇವರು ಜೋಳಾ ಕುಡೀತಾರ. ಊರು ಮುಟ್ಟೂದ್ರಾಗ ಚೀಲ ಹೊತ್ತವರೇ ಚೀಲ ಮುಗಿಸಿರತಾರ!” ದ್ಯಾಮಣ್ಣ ಬಾಯಿ ಒರೆಸಿಕೊಂಡ. “ಹಂಗಲ್ಲೋ, ನಿನ್ನ ಲಾರಿ ಕುಡದ್ರ ಹೊಗಿ ಬಿಡತೈತಿ. ನಾವು ತಿಂದ್ರ ‘ಕಲ್ಲಕ್ಕಾ, ಪುಣ್ಯಾ ಬರ್ಲಿ’ ಅಂತೀವಿ.”

ಊರು ಮುಟ್ಟಿದಾಗ ದ್ಯಾಮಣ್ಣನ ಚೀಲ ಅವನ ಹೆಗಲ ಮೇಲೆ ಹಳೇ ಟವೆಲ್ಲಿನ ಹಾಗೆ ಜೋತುಬಿದ್ದಿತ್ತು. ಸೊಂಟದ ಉಳಿ ಚೀಲಕ್ಕೆ ಚುಚ್ಚಿ, ದಾರಿಯುದ್ದಕ್ಕೂ ಜೋಳ ಸುರಿದು ಹೋಗಿತ್ತು. ಬಯಲು ನೋಡುತ್ತ ನಡೆದವನಿಗೆ ಹೆಗಲು ಹಗುರಾದದ್ದು ಗೊತ್ತೇ ಆಗಿರಲಿಲ್ಲ. ನಾನು ಅವನ ಅಂಗಿ ಹಿಡಿದೆ. ಅಕ್ಕ ಬಿಡಿಸಿದಳು. “ಬಿಡೋ, ಹಕ್ಕಿ ತಿಂತಾವು.” “ಅಲ್ಲಿ ಹಕ್ಕಿ ಎಲ್ಲಿ ಅದಾವ ಯಕ್ಕಾ!” ಎಂದು ಕಿರುಚಿದೆ. ನಿಜವಾಗಿಯೂ ಇರಲಿಲ್ಲ. ಅದೇ ಒಳ್ಳೆಯದಾಯಿತು.

ಚಿತ್ತಿ ಮಳೆ ಬಂದು ಹೋದ ಮೇಲೆ ಒಂದು ದಿನ ನಾನು ಕಲ್ಲು ಇಳಿಸಿ ಬರುತ್ತಿದ್ದೆ. ಹೊಸ ಬಯಲಿನಲ್ಲಿ ಒಂದು ಹಸಿರು ಗೆರೆ ಕಂಡಿತು. ನೆಟ್ಟಗಿನ ಸಾಲಲ್ಲ. ಅತ್ತ ವಾಲಿ, ಇತ್ತ ವಾಲಿ, ಒಂದೆಡೆ ಸುತ್ತು ಹಾಕಿ, ಒಂದೆಡೆ ನಿಂತು ಗುಂಪಾಗಿ. ದ್ಯಾಮಣ್ಣ ಆವತ್ತು ಹೇಗೆ ಆಕಾಶ ಭೂಮಿ ನೋಡುತ್ತ ಸೊಟ್ಟಪಟ್ಟ ನಡೆದಿದ್ದನೋ ಜೋಳ ಹಾಗೇ ಎದ್ದಿತ್ತು. ಅವನು ಕೂತು ರೊಟ್ಟಿ ತಿಂದ ಜಾಗದಲ್ಲಿ ಗುಡ್ಡೆಯಾಗಿ ಎದ್ದಿತ್ತು. ನಾನು ಲಾರಿ ನಿಲ್ಲಿಸಿ, ಕಟ್ಟುಪಾಡು ಮರೆತು ಇಳಿದು, ಒಂದು ಸಸಿಯನ್ನು ಮುಟ್ಟಿದೆ. ಜೋಳ ತುಂಬಿದ ಚೀಲವನ್ನಷ್ಟೇ ನಾನು ಅಲ್ಲಿಯ ತನಕ ಮುಟ್ಟಿದ್ದೆ. ಅದು ಉಸಿರಾಡುತ್ತದೆ ಎಂದು ಗೊತ್ತಿರಲಿಲ್ಲ.

ಅಕ್ಕ ಬಂದು ನೋಡಿದಳು. ಮರುದಿನ ಅಡುಗೆಮನೆಯಲ್ಲಿ ಉಳಿದಿದ್ದ ಚೀಲಗಳಲ್ಲಿ ಹೆಚ್ಚಿನವನ್ನು ಹೊರಗೆ ಹಾಕಿಸಿದಳು. “ಬಿತ್ತೂಣು.” ನಾನು ಬಾಗಿಲಿಗೆ ಅಡ್ಡ ನಿಂತೆ. “ತಲಿ ಕೆಟ್ಟೈತೇನ ನಿನಗ? ಪ್ಯಾಟ್ಯಾಗ ದರ ಎಷ್ಟಾಗೇತಿ ಗೊತ್ತೈತಿಲ್ಲೋ? ಇದು ಹೋದ್ರ ನೀ ಹಂಚು ಬೋರಲ ಹಾಕೂದಷ್ಟ!” “ಇಟಗೊಂಡ್ರ ಎಷ್ಟು ದಿನಾ ಬರತೈತಿ?” ಎಂದು ಕೇಳಿದಳು. “ದೀಪಾವಳಿ.” “ದೀಪಾವಳಿ ಮರುದಿನಾ?” ಮಾತಿನಲ್ಲಿ ಸೋತಾಗ ನಾನು ಒದೆಯುತ್ತೇನೆ. ಚೀಲಕ್ಕೆ ಒದ್ದೆ, ಕಾಲು ಉಳುಕಿತು, ಕುಂಟುತ್ತಲೇ ಚೀಲ ಲಾರಿಗೆ ಹಾಕಿದೆ.

ನಮ್ಮೂರವರಿಗೆ ಬಿತ್ತಲು ಬರುತ್ತಿರಲಿಲ್ಲ. ಕಲ್ಲಿಗೆ ತೂತು ಕೊರೆಯುವ ಹಾಗೆ ಸಲಾಕೆಯಿಂದ ಅಳತೆ ಹಿಡಿದು ನೆಲಕ್ಕೆ ತೂತು ಹಾಕಿ, ಒಂದೊಂದರಲ್ಲೂ ಎರಡೆರಡು ಕಾಳು ಇಟ್ಟು, ಅಂಗೈಯಿಂದ ತಟ್ಟಿದರು. ಗಣಿ ಮುಗಿಸಿ ಬಂದು, ರೊಟ್ಟಿ ತಿಂದು, ದಿನಾ ಸಂಜೆ. ಅಕ್ಕ ರೊಟ್ಟಿಯ ದರ ಏರಿಸಲಿಲ್ಲ, ಎಣಿಸಲೂ ಇಲ್ಲ. ದೀಪಾವಳಿ ಹೋದ ಮೇಲೆ ಕಾರಹುಣ್ಣಿಮೆಗೆಂದು ತೆಗೆದಿಟ್ಟಿದ್ದ ಸೀರೆಯ ದುಡ್ಡು ಸೆಟ್ಟರ ಅಂಗಡಿಗೆ ಹೋಯಿತು, ಅದಾದ ಮೇಲೆ ಖಾನಾವಳಿಯ ತಾಮ್ರದ ಹಂಡೆ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ನಮ್ಮಲ್ಲಿ ಉಳಿದದ್ದು ಲಾರಿ, ಹಂಚು ಮತ್ತು ಆ ಬೆಳೆ. ಆ ಬೆಳೆ ಮಾತ್ರ ಆಳೆತ್ತರ ಬಂದಿತ್ತು. ದಾರಿಯ ಎರಡೂ ಮಗ್ಗುಲಿಗೆ, ಕಣ್ಣು ಹೋದಷ್ಟು ದೂರ. ಹಾಲುಗಾಳಿನ ತೆನೆ ಸುಟ್ಟು ಸೀತನಿ ತಿಂದೆವು. ದ್ಯಾಮಣ್ಣ ಅಂಗೈಯಲ್ಲಿ ತೆನೆ ತಿಕ್ಕಿ ಊದಿ, ಬಾಯಿಗೆ ಹಾಕಿಕೊಂಡು, ಆಚೆ ಹೋಗಿ ನಿಂತ. ಅವನು ಅಳುತ್ತಿದ್ದ ಎಂದು ಯಾರೋ ಅಂದರು. ಹೊಗೆ ಎಂದು ಅವನು ಅಂದ.

ಕಾಳು ಗಟ್ಟಿಯಾಗಲು ಇನ್ನು ಸ್ವಲ್ಪ ಬಿಸಿಲು ಬೇಕಿತ್ತು. ಆಗ ಬಂಕಿನವನು ಓಡುತ್ತ ಬಂದ. “ಇಳಿತೈತಂತ! ನಾಳಿ ಮುಂಜಾನೆ ಡೀಸೆಲ್ ಇಳಿತೈತಂತ!” ನಮ್ಮ ಆಯುಷ್ಯದಲ್ಲಿ ಅಂಥ ಮಾತು ಕೇಳಿರಲಿಲ್ಲ. ಊರು ಡಬ್ಬಿ ಬಡಿಯಿತು, ಸಕ್ಕರೆ ಹಂಚಿತು. ನಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಅದು ಕರಗುವ ಮೊದಲೇ ಇನ್ನೊಂದು ಲೆಕ್ಕ ಹೊಳೆಯಿತು. ಡೀಸೆಲ್ ಇಳಿದರೆ ದಾರಿ ಕುಗ್ಗುತ್ತದೆ. ದಾರಿ ಕುಗ್ಗಿದರೆ ಬಯಲು ಎಲ್ಲಿಗೆ ಹೋಗುತ್ತದೆ? ಬಯಲಿನ ಮೇಲಿನ ಜೋಳ?

ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. ನಾನು ಕೂಗಾಡಿದೆ, ಏರುವಾಗಲೂ ನಮ್ಮ ಅನ್ನ, ಇಳಿಯುವಾಗಲೂ ನಮ್ಮ ಅನ್ನ, ಇವರ ಬೋರ್ಡಿಗೆ ಬೆಂಕಿ ಹಚ್ಚುತ್ತೇನೆ ಎಂದೆ. “ಹಸೀದ ಕಿತ್ತು ತರೂಣೇನ ಕಲ್ಲಕ್ಕಾ?” ಎಂದು ದ್ಯಾಮಣ್ಣ ಕೇಳಿದ. “ಹಸೀ ಕಾಳು ಬೀಸಾಕ ಬರಂಗಿಲ್ಲ, ಇಡಾಕ ಬರಂಗಿಲ್ಲ. ಅದು ಬೆಳೀ ಕೊಂದಂಗ” ಎಂದಳು ಅಕ್ಕ. ಕಲ್ಲಿನವರಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಸಂಜೆಯೊಳಗೆ ಗಣಿಯಿಂದ ಆಳುದ್ದದ ಕಲ್ಲಿನ ಗೂಟಗಳನ್ನು ನನ್ನ ಲಾರಿಯಲ್ಲಿ ತಂದು ಬಯಲಿನ ಅಂಚಿನುದ್ದಕ್ಕೂ ಹುಗಿದರು. ಡೇರೆಗೆ ಗೂಟ ಹೊಡೆಯುವ ಹಾಗೆ, ನೆಲ ಮಡಚಿಕೊಳ್ಳದ ಹಾಗೆ. ಹಗ್ಗ ಇದ್ದಿದ್ದರೆ ಹಗ್ಗವನ್ನೂ ಕಟ್ಟುತ್ತಿದ್ದರು.

ಬೆಳಗಾಗುವಾಗ ಊರಿಗೆ ಊರೇ ಜೋಳದಲ್ಲಿ ನಿಂತಿತ್ತು. ಒಬ್ಬೊಬ್ಬರೂ ಮಾರುದೂರಕ್ಕೆ, ತಮ್ಮ ಭಾರದಿಂದಾದರೂ ನೆಲ ನಿಂತೀತು ಎಂದು. ನಾನು ನಡುವೆ, ನನ್ನಿಂದ ಆಚೆ ಅಕ್ಕ, ಅವಳ ತಲೆಯ ಸೆರಗಷ್ಟೇ ಕಾಣುತ್ತಿತ್ತು. ಎರಡೂ ಕೈಯಲ್ಲಿ ಎರಡು ದಂಟು ಹಿಡಿದುಕೊಂಡಿದ್ದಳು, ಜಾತ್ರೆಯಲ್ಲಿ ಮಕ್ಕಳ ಕೈ ಹಿಡಿಯುವ ಹಾಗೆ. ಸೂರ್ಯ ಬಂದ.

ಸದ್ದಿಲ್ಲ. ಈ ಸಲ ಬಡಿಯುವ ಸದ್ದಿರಲಿಲ್ಲ. ಕಾಲ ಕೆಳಗೆ ನೆಲ ಮೆತ್ತಗೆ ಸರಿಯಿತು, ನೀರಿನ ಮೇಲಿನ ಕೆನೆಯನ್ನು ಬೆರಳಿನಿಂದ ಎಳೆದ ಹಾಗೆ. ಕಲ್ಲಿನ ಗೂಟಗಳು ಕಿತ್ತು ಬೀಳಲಿಲ್ಲ, ಅಡ್ಡವೂ ಬರಲಿಲ್ಲ. ನಿಂತ ನಿಲುವಿನಲ್ಲೇ, ಕುರಿಮಂದೆ ದೊಡ್ಡಿಗೆ ಬರುವ ಹಾಗೆ, ಒಂದರ ಹಿಂದೊಂದು ನಮ್ಮ ಕಡೆ ತೇಲಿ ಬಂದವು. ಬನ್ನಿಗಿಡ ಬಂತು, ಮೈಲುಗಲ್ಲು ಬಂತು, ಊರ ಬಂಡೆ ದೊಡ್ಡದಾಗುತ್ತ ಬಂತು. ಜೋಳದ ಸಾಲು ಸಾಲಿಗೆ ಹತ್ತಿರ ಬಂತು, ದಂಟು ದಂಟಿಗೆ ತಾಗಿತು, ಸೀರೆಯ ನೆರಿಗೆ ಕೂಡಿದ ಹಾಗೆ ಇಡೀ ಹೊಲ ಕೂಡಿಕೊಂಡಿತು. ಒಂದು ದಂಟು ಮುರಿಯಲಿಲ್ಲ. ಒಂದು ತೆನೆ ಉದುರಲಿಲ್ಲ. ನಾವು ಮಾರುದೂರಕ್ಕೆ ನಿಂತವರು ಮೊಳದೂರಕ್ಕೆ ಬಂದೆವು, ಆಮೇಲೆ ಹೆಗಲಿಗೆ ಹೆಗಲು ತಾಗಿತು. ಅಕ್ಕ ನಡೆಯದೆಯೇ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಈಚೆ ಮಗ್ಗುಲಿಗೆ ದ್ಯಾಮಣ್ಣ, ಅವನ ಬೆವರಿನ ವಾಸನೆ, ಮೂಗಿಗೆ ತಾಗುವ ತೆನೆ. ನೆಲ ನಿಂತಾಗ ಹೊಲ ಅಂಗಳದಷ್ಟಾಗಿತ್ತು, ಜೋಳ ಮಾತ್ರ ಅಷ್ಟೂ ಇತ್ತು. ಗಾಳಿ ಹೊಗಲೂ ಎಡೆಯಿಲ್ಲದ ಹಾಗೆ, ಹಲಗೆ ಕೂಡಿಸಿದ ಹಾಗೆ ದಟ್ಟವಾಗಿ ನಿಂತಿತ್ತು. ಸುತ್ತ ಕಲ್ಲಿನ ಗೂಟಗಳು ಒಂದಕ್ಕೊಂದು ಒತ್ತಿ ಗೋಡೆಯಾಗಿದ್ದವು. ದ್ಯಾಮಣ್ಣ ತೆನೆಗಳ ನಡುವಿನಿಂದ ತಲೆ ಎತ್ತಿ, “ಕಲ್ಲಕ್ಕಾ, ಹೊರಗ ಹೋಗೂದು ಹೆಂಗ?” ಎಂದ.

ಆ ವಾರವೇ ನಾನು ಸೆಟ್ಟರ ಅಂಗಡಿಗೆ ಹೋದೆ. ಜೋಳಕ್ಕಲ್ಲ, ನೋಡಲೆಂದು. ದಾರಿ ಎಷ್ಟು ಸಣ್ಣದಾಗಿತ್ತೆಂದರೆ ನಾಲ್ಕನೇ ಗೇರು ಬೀಳುವ ಮೊದಲೇ ಪೇಟೆ ಬಂದಿತ್ತು. ಬೋರ್ಡಿನ ಮೇಲೆ ಜೋಳದ ದರ ಒಂದು ಪೈಸೆ ಇಳಿದಿರಲಿಲ್ಲ. “ಯಾಕ್ರೀ ಸೆಟ್ರ, ಡೀಸೆಲ್ ಇಳದೈತಲ್ರಿ?” “ಇಳದೈತಪಾ. ಆದ್ರ ಈ ಜೋಳಾ ಉದ್ದ ದಾರ್ಯಾಗ ಬಂದಿದ್ದು. ಇದು ಮುಗೀಲಿ.” “ಇದು ಮುಗಿಯೂದು ಯಾವಾಗ್ರಿ?” ಸೆಟ್ಟರು ಮುಖದ ತುಂಬ ನಕ್ಕರು. “ಮುಗಿಯೂದ್ರಾಗ ಮತ್ತ ಏರಿರತೈತಿ ಬಿಡು.” ನನ್ನ ತೋಳು ತಾನೇ ಮಡಚಿಕೊಂಡಿತು. ಆದರೆ ಆ ತೋಳಿಗೆ ಹೊಲದಲ್ಲಿ ಅಕ್ಕನ ಭುಜ ತಾಗಿದ ಬಿಸಿ ಇನ್ನೂ ಇತ್ತು. ಏನೂ ಕೊಳ್ಳದೆ ಖಾಲಿ ಲಾರಿ ಓಡಿಸಿಕೊಂಡು ಬಂದೆ. ನಮ್ಮೂರ ಏರನ್ನು ಲಾರಿಯೊಂದು ಖಾಲಿಯಾಗಿ ಹತ್ತಿದ್ದು ಅದೇ ಮೊದಲು. ಸೆಟ್ಟರು ಅಂಗಡಿಯ ಹೊರಗೆ ಬಂದು ನೋಡುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು.

ಬಿಸಿಲಿಗೆ ಕಾಳು ಗಟ್ಟಿಯಾಯಿತು. ಹೊರಗಿನ ಸುತ್ತಿನಿಂದ ಕೀಳುತ್ತ ಒಳಗೆ ಹೋದೆವು. ಕಿತ್ತಷ್ಟೂ ಇತ್ತು. ಹೊಸ ಜೋಳದ ಮೊದಲ ಹಿಟ್ಟು ಬೀಸಿ ತಂದ ದಿನ ಖಾನಾವಳಿ ಬಾಗಿಲ ತನಕ ತುಂಬಿತ್ತು. ದ್ಯಾಮಣ್ಣ ತಲೆ ಬಗ್ಗಿಸಿ ಒಳಗೆ ಬಂದು ಕೂತ. ನಾನು ರೂಢಿಯಂತೆ ಬಾಗಿಲ ಮರೆಯಲ್ಲಿ ನಿಂತು ಬೆನ್ನ ಹಿಂದೆ ಬೆರಳು ಮಡಚತೊಡಗಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ತಪ, ತಪ, ತಪ. ಮುದ್ದೆಯ ಅಂಚು ಓಡಿತು, ನಡು ತೆಳುವಾಯಿತು, ಅವಳ ಕೈ ಅದನ್ನು ಮೆಲ್ಲಗೆ ತಿರುಗಿಸಿತು. ನಾನು ಆ ಕೈಯನ್ನು ನೋಡುತ್ತ ನಿಂತೆ. ಎಷ್ಟನೆಯ ಬೆರಳಿನಲ್ಲಿದ್ದೆ ಎಂಬುದು ಮರೆತುಹೋಯಿತು. ದ್ಯಾಮಣ್ಣ ತಿನ್ನುತ್ತಲೇ ಇದ್ದ.

ಆ ಸದ್ದು ಕೇಳಿದಾಗಲೆಲ್ಲ ನಾನು ಈಗಲೂ ಒಮ್ಮೆ ಎದ್ದು ಹೊರಗೆ ಹೋಗಿ, ದಾರಿ ಎಲ್ಲಿದೆ ಎಂದು ನೋಡಿ ಬರುತ್ತೇನೆ.